ಬೋಗುಣಿಯ ಹಗ್ಗ ಬಿಚ್ಚಿದ ಬೆಳಿಗ್ಗೆ

ನನ್ನ ಜೀವ ಉಳಿಸಿದವಳು ಮಾರೀನ್. ನಮ್ಮೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಹಾಗೇ ಹೇಳುತ್ತಾರೆ. ಅಂಚೆ ಕಚೇರಿಯಲ್ಲಿ ಹೇಳುತ್ತಾರೆ, ಬೇಕರಿಯಲ್ಲಿ ಹೇಳುತ್ತಾರೆ, ನನ್ನ ಹಲ್ಲಿನ ಡಾಕ್ಟರಂತೂ ನನ್ನ ಬಾಯಿಗೆ ಹತ್ತಿ ತುರುಕಿಟ್ಟು ಅದನ್ನೇ ಹೇಳಿದ. ಅದು ಸುಳ್ಳೂ ಅಲ್ಲ. ಹಿಮದಲ್ಲಿ ತಲೆಕೆಳಗಾಗಿ ಹೂತುಹೋಗಿದ್ದ ನನ್ನನ್ನು ತೋಡಿ ಹೊರಗೆಳೆದವಳು ಅವಳೇ. ಅದಕ್ಕೆ ಮುಂಚಿನ ಅರ್ಧ ಗಂಟೆ ಅವಳೆಲ್ಲಿದ್ದಳು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಮೂರು ವಾರ ಬಾಯಿ ಬಿಗಿಹಿಡಿದು ಕೂರಬೇಕಾಗಿರಲಿಲ್ಲ. ಬಾಯಿ ಬಿಗಿಹಿಡಿದು ನನಗೆ ಅಭ್ಯಾಸವೂ ಇಲ್ಲ.

ನಾನು ಪಾಲಿ ಕಜಕಾಫ್. ಟಿಂಕರ್ ಬೆಟ್ಟದ ಬುಡದಲ್ಲಿ ಸ್ಕೀಗಳಿಗೆ ಮೇಣ ತಿಕ್ಕುವ, ಅಂಚು ಮಸೆಯುವ ಪುಟ್ಟ ಅಂಗಡಿ ನನ್ನದು. ಐವತ್ತಾರು ವರ್ಷ. ಇಪ್ಪತ್ತೊಂಬತ್ತು ಚಳಿಗಾಲ ನಾನೂ ಮಾರೀನಳೂ ಒಂದೇ ಕುರ್ಚಿಯಲ್ಲಿ ಕೂತು ಈ ಬೆಟ್ಟ ಹತ್ತಿದ್ದೇವೆ. ತಂತಿಗೆ ಕುರ್ಚಿಗಳು ನೇತಾಡುವ ನಮ್ಮ ಲಿಫ್ಟು ಹಳೆಯದು, ಒಂದು ಕುರ್ಚಿಗೆ ಇಬ್ಬರೇ. ಹಾಗಾಗಿ ಇಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರಲೇಬೇಕು. ಗಂಡ ಹೆಂಡಿರು ಬೇರೆಯಾದದ್ದನ್ನು ನೋಡಿದ್ದೇನೆ, ಲಿಫ್ಟಿನ ಜೋಡಿ ಬೇರೆಯಾದದ್ದನ್ನು ಕಂಡದ್ದು ಕಡಿಮೆ.

ನಮ್ಮ ಊಟದ ಮನೆಯ ಕರಿಹಲಗೆಯ ವಿಷಯ ಮೊದಲು ಹೇಳಿಬಿಡುತ್ತೇನೆ, ಎಲ್ಲ ರಾಮಾಯಣಕ್ಕೂ ಅದೇ ಕಾರಣ. ಬೆಟ್ಟದ ನೆತ್ತಿಯ ಆಚೆ ಬದಿಯಲ್ಲಿ ಒಂದು ದೊಡ್ಡ ಇಳಿಜಾರಿದೆ. ಬೋಗುಣಿ ಎನ್ನುತ್ತೇವೆ, ಆಕಾರವೂ ಹಾಗೇ. ಅದನ್ನಿಳಿದರೂ ದಾರಿ ಸುತ್ತಿಕೊಂಡು ಲಿಫ್ಟಿನ ಬುಡಕ್ಕೇ ಬರುತ್ತದೆ. ಜೋರಾಗಿ ಹಿಮ ಬಿದ್ದ ಮೇಲೆ ಅದನ್ನು ಹಗ್ಗ ಕಟ್ಟಿ ಮುಚ್ಚುತ್ತಾರೆ. ಗಸ್ತಿನವರು ಬೆಳಿಗ್ಗೆ ಹೋಗಿ ಸಿಡಿಮದ್ದು ಹಾಕಿ, ಜಾರಿ ಬೀಳುವಂಥ ಹಿಮವನ್ನೆಲ್ಲ ಬೀಳಿಸಿ, ಇನ್ನು ಭಯವಿಲ್ಲ ಅನ್ನಿಸಿದ ಮೇಲೆ ಗಸ್ತಿನ ಮುಖ್ಯಸ್ಥ ಹೆಕ್ ಹಗ್ಗ ಬಿಚ್ಚುತ್ತಾನೆ. ಚಳಿಗಾಲದಲ್ಲಿ ಮೊದಲ ಸಲ ಹಗ್ಗ ಬಿಚ್ಚಿದಾಗ ಅದನ್ನು ದಾಟಿ ಮೊದಲು ಇಳಿಯುವವರು ಅಲ್ಲಿನ ಕಂಬಕ್ಕೆ ಕಟ್ಟಿದ ಹಸುವಿನ ಗಂಟೆ ಬಾರಿಸಬೇಕು. ಹೆಕ್ ರೇಡಿಯೋದಲ್ಲಿ ಅವರ ಹೆಸರನ್ನು ಕೆಳಗಿನ ಊಟದ ಮನೆಗೆ ಹೇಳುತ್ತಾನೆ. ಅಡುಗೆಯ ಓರ್ವಿಲ್ ಒಲೆಯ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು, ತಾರೀಕು, ಹೊತ್ತು ಬರೆಯುತ್ತಾನೆ. ಅವತ್ತಿನ ಮೊದಲ ಬಟ್ಟಲು ಬೋರ್ಷ್, ಅಂದರೆ ಬೀಟ್‌ರೂಟಿನ ಬಿಸಿ ಸಾರು, ಅವರದು. ಹೆಸರು ಮುಂದಿನ ಚಳಿಗಾಲದವರೆಗೂ ಅಲ್ಲೇ ಇರುತ್ತದೆ.

ನನ್ನ ಹೆಸರು ನಾಲ್ಕು ಸಲ ಬಂದಿದೆ. ಮಾರೀನಳದು ಒಂದು ಸಲವೂ ಇಲ್ಲ. ಒಂದು ಸಲ ಅವಳ ಸ್ಕೀ ಕಳಚಿತು, ಒಂದು ಸಲ ಕನ್ನಡಕ ಮಂಜಾಯಿತು, ಇನ್ನೊಂದು ಸಲ ಕೈಗವಸು ಹುಡುಕುತ್ತ ನಿಂತಳು, ಅಷ್ಟರಲ್ಲಿ ನಾನು ಗಂಟೆ ಬಾರಿಸಿದ್ದೆ. ನಾನೂ ಸುಮ್ಮನಿರುವವಳಲ್ಲ. ಬೋರ್ಷ್ ಕುಡಿಯುವಾಗ ಚಮಚೆಯಿಂದ ಹಲಗೆ ತೋರಿಸಿ, "ಮಾರೀನ್, ನಿನ್ ಹೆಸರು ಗೋರಿ ಕಲ್ ಮೇಲೆ ಬರುತ್ತೆ, ಈ ಹಲಗೆ ಮೇಲಂತೂ ಬರಲ್ಲ ಕಣೇ" ಎನ್ನುತ್ತಿದ್ದೆ. ಅವಳು ನಕ್ಕು, "ಬಾಯಿ ಮುಚ್ಕೊಂಡು ತಿನ್ನು, ಗಲ್ಲಕ್ಕೆಲ್ಲ ಬೀಟ್‌ರೂಟ್ ಅಂಟಿದೆ" ಎನ್ನುತ್ತಿದ್ದಳು. ವರ್ಷಾನುಗಟ್ಟಲೆ ಇದೇ ಮಾತು, ಇದೇ ನಗು. ಆ ನಗುವಿನಡಿ ಏನಿದೆ ಎಂದು ನಾನು ಇಣುಕಿ ನೋಡಲಿಲ್ಲ, ನನ್ನ ತಪ್ಪು ಅಷ್ಟು.

ಇನ್ನೊಂದು ವಿಷಯ, ಲೈಲ್‌ನದು. ಲೈಲ್ ಮಾರೀನಳ ತಮ್ಮ. ಹನ್ನೊಂದು ವರ್ಷದ ಹಿಂದೆ ನಾವು ನಾಲ್ವರು, ನಾನು, ಮಾರೀನ್, ಲೈಲ್, ಓರ್ವಿಲ್, ಲಿಫ್ಟಿನ ಕೆಳಗಿನ ಕಾಡಿನಲ್ಲಿ ಇಳಿದೆವು. ಕೆಳಗೆ ಬಂದು ನೋಡಿದರೆ ಮೂವರೇ. "ಮುಂದೆ ಹೋಗಿರ್ತಾನೆ ಬಿಡಿ" ಅಂದೆವು. ಯಾರು ಮೊದಲು ಅಂದರೋ ನೆನಪಿಲ್ಲ, ಎಲ್ಲರೂ ಅಂದೆವು. ಲಿಫ್ಟ್ ಹತ್ತಿ ಇನ್ನೂ ಎರಡು ಸಲ ಇಳಿದೆವು. ಲೈಲ್ ಸಿಕ್ಕಿದ್ದು ಮಧ್ಯಾಹ್ನ, ಒಂದು ಫರ್ ಮರದ ಬುಡದ ಗುಂಡಿಯಲ್ಲಿ, ತಲೆಕೆಳಗಾಗಿ. ದೊಡ್ಡ ಮರಗಳ ಕೆಳಕೊಂಬೆಗಳು ಕೊಡೆಯ ಹಾಗೆ ಹರಡಿರುತ್ತವಲ್ಲ, ಅವುಗಳಡಿ ಹಿಮ ಗಟ್ಟಿಯಾಗಿ ಕೂರುವುದಿಲ್ಲ, ಪೊಳ್ಳು. ಮೇಲಿಂದ ನೋಡಿದರೆ ನೆಲ, ಕಾಲಿಟ್ಟರೆ ಬಾವಿ. ಒಬ್ಬರೇ ಬಿದ್ದರೆ ಎದ್ದು ಬಂದದ್ದನ್ನು ನಾನು ಕೇಳಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ದಿನ ಮಾರೀನಳೇ ನಿಯಮ ಮಾಡಿದಳು. ಕಾಡಿನಲ್ಲಿ ಹತ್ತು ತಿರುವಿಗೊಮ್ಮೆ "ಓ ಹೋಯ್" ಎಂದು ಕೂಗಬೇಕು, ಇನ್ನೊಬ್ಬರು ಓಗೊಡಬೇಕು. ಕೆಳಗಿನ ಹಳೆಯ ಮರದ ಗುಡಿಸಲಿನ ಗೋಡೆಗೆ ಇಬ್ಬರೂ ಕೈ ಮುಟ್ಟಿಸುವ ತನಕ ಯಾರೂ ಲಿಫ್ಟ್ ಹತ್ತುವ ಹಾಗಿಲ್ಲ. ಹತ್ತು ನಿಮಿಷ ಕಾದರೂ ಬಾರದಿದ್ದರೆ ಗಸ್ತಿನವರನ್ನು ಕರೆಯಬೇಕು. "ಮುಂದೆ ಹೋಗಿರ್ತಾರೆ ಅನ್ನೋ ಮಾತು ಇನ್ಮೇಲೆ ನಮ್ಮ ಬಾಯಲ್ಲಿ ಬರಬಾರದು" ಎಂದು ನನ್ನ ಎರಡೂ ಕೈ ಹಿಡಿದು ಅತ್ತಳು. ನಾನು ಆಣೆ ಮಾಡಿದೆ. ಹನ್ನೊಂದು ವರ್ಷ ಒಂದು ದಿನವೂ ತಪ್ಪಲಿಲ್ಲ. ಒಮ್ಮೆ ಅವಳ ಬೂಟಿನ ಕೊಂಡಿ ಮುರಿದು ಇಳಿಯಲು ಅರ್ಧ ಗಂಟೆ ಹಿಡಿದಾಗ ನಾನು ಗಸ್ತಿನ ಆರು ಜನರನ್ನು ಎಬ್ಬಿಸಿ ಬೆಟ್ಟವನ್ನೇ ತಲೆಕೆಳಗು ಮಾಡಿಸಿದ್ದೆ. ಹೆಕ್ ಬೈದ. ಬೈಯಲಿ ಬಿಡಿ.

ಎರಡು ಚಳಿಗಾಲ ಹಿಮವೇ ಸರಿಯಾಗಿ ಬೀಳಲಿಲ್ಲ. ಎರಡು ವರ್ಷ ಬೋಗುಣಿಯ ಹಗ್ಗ ಬಿಚ್ಚುವ ಮಾತೇ ಇರಲಿಲ್ಲ, ಹಲಗೆ ಖಾಲಿ ಬಿದ್ದಿತ್ತು. ಈ ಫೆಬ್ರವರಿಯಲ್ಲಿ ಬಿತ್ತು ನೋಡಿ! ಒಂದೇ ರಾತ್ರಿಗೆ ಸೊಂಟದುದ್ದ, ಅದೂ ಒಣ ಹಿಮ. ಅಂಗೈಯಲ್ಲಿ ಹಿಡಿದು ಊದಿದರೆ ಹಿಟ್ಟಿನ ಹಾಗೆ ಹಾರಿಹೋಗುವಂಥದ್ದು. ಇಂಥ ದಿನ ಊರಿನಲ್ಲಿ ಅರ್ಧ ಅಂಗಡಿ ತೆರೆಯುವುದಿಲ್ಲ, ಯಾರೂ ಏಕೆಂದು ಕೇಳುವುದಿಲ್ಲ. ಏಳು ಗಂಟೆಗೇ ನಾನು ಮಾರೀನಳ ಸ್ಕೀಗೆ ಮೇಣ ತಿಕ್ಕಿದೆ. ಸಾಮಾನ್ಯದ್ದಲ್ಲ, ಕೊರೆಯುವ ಚಳಿಗೆಂದು ಎತ್ತಿಟ್ಟಿದ್ದ ನೀಲಿ ಮೇಣದ ಕೊನೆಯ ತುಂಡು. ನನ್ನ ಸ್ಕೀಗೆ ಉಳಿಯಲಿಲ್ಲ.

"ಇವತ್ತು ಬೆಣ್ಣೆ ಮೇಲೆ ಜಾರಿದ ಹಾಗೆ ಜಾರ್ತೀಯ ನೋಡು" ಎಂದೆ.

"ನಿನ್ನನ್ನ ಹಿಂದೆ ಹಾಕ್ಬಿಟ್ರೆ?"

"ಹಾಕು ನೋಡೋಣ. ಆ ದಿನ ಬಂದ್ರೆ ನಾನೇ ಸೀಮೆಸುಣ್ಣ ಹಿಡ್ದು ನಿನ್ ಹೆಸರು ಬರೀತೀನಿ."

ಹಾಗೆ ಅಂದದ್ದು ನಾನೇ. ಆಮೇಲೆ ಹೇಳಿದ ಹಾಗೆಯೇ ಮಾಡಬೇಕಾಯಿತು.

ಲಿಫ್ಟಿನ ಸಾಲಿನಲ್ಲಿ ನಾವು ಮೂರನೆಯ ಜೋಡಿ. ಮೇಲಿಂದ ಸಿಡಿಮದ್ದಿನ ಸದ್ದು ಧಡ್ ಧಡ್ ಎಂದು ಬರುತ್ತಿತ್ತು. ಒಂದೊಂದು ಸದ್ದಿಗೂ ಸಾಲಿನವರೆಲ್ಲ ಹೋ ಎಂದು ಕೂಗುತ್ತಿದ್ದರು. ಬೋಗುಣಿ ತೆರೆಯಲು ಹನ್ನೊಂದಾದರೂ ಆಗುತ್ತದೆ ಎಂದು ಲಿಫ್ಟಿನ ಜೋನಿ ಹೇಳಿದ್ದಳು. ಅಷ್ಟರಲ್ಲಿ ಕಾಡಿನಲ್ಲಿ ಎರಡು ಸಲ ಇಳಿದುಬಿಡೋಣ ಎಂದುಕೊಂಡೆವು.

ಮೊದಲ ಇಳಿತ ಹೇಗಿತ್ತೆಂದು ಹೇಳಲು ಹೋಗುವುದಿಲ್ಲ. ಹಿಮ ಎದೆಗೆ ಬಂದು ಬಡಿದು, ಮುಖದ ಮೇಲೆ ಹಾರಿ, ನಗುವಾಗ ಬಾಯಿಗೆ ಹೋಗಿ, ಇಬ್ಬರೂ ಉಸಿರುಗಟ್ಟುವಷ್ಟು ನಕ್ಕೆವು. ಗುಡಿಸಲಿನ ಗೋಡೆ ಮುಟ್ಟಿ ಒಬ್ಬರ ಬೆನ್ನಿಗೊಬ್ಬರು ಗುದ್ದಿದೆವು. ಐವತ್ತು ದಾಟಿದ ಹೆಂಗಸರು! ಅವತ್ತಿನ ಸಂತೋಷ ನಿಜವಾದದ್ದು, ಅದನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ.

ಎರಡನೆಯ ಸಲ, ಒಂಬತ್ತು ನಲವತ್ತಕ್ಕೆ, ನಾನು ಬಿದ್ದೆ.

ಮಾರೀನ್ ಮುಂದಿದ್ದಳು. "ಓ ಹೋಯ್" ಎಂದಳು, "ಓ ಹೋಯ್" ಎಂದೆ. ಮುಂದಿನ ತಿರುವಿನಲ್ಲಿ ಸ್ಕೀಯ ಮೂತಿ ಹಿಮದಡಿಯ ಕೊಂಬೆಗೆ ಸಿಕ್ಕಿತು. ಮರುಗಳಿಗೆಯಲ್ಲಿ ತಲೆ ಕೆಳಗೆ, ಕಾಲು ಮೇಲೆ. ಮೇಲಿನ ಕೊಂಬೆಗಳ ಹಿಮವೆಲ್ಲ ಧೊಪ್ಪೆಂದು ಬೆನ್ನ ಮೇಲೆ ಸುರಿಯಿತು. ಎಡ ತೋಳು ಕಳಕ್ ಎಂದಿತು. ಬಲಗೈ ಮಾತ್ರ ಮುಖದ ಮುಂದೆ ಇತ್ತು, ದೇವರ ದಯೆ, ಅದರಿಂದಲೇ ಉಸಿರಾಡಲು ಒಂದು ಬಟ್ಟಲಿನಷ್ಟು ಜಾಗ ಉಳಿಯಿತು. ಸ್ಕೀಗಳು ಕೊಂಬೆಗೆ ಸಿಕ್ಕಿಕೊಂಡು ನಾನು ಒಣಗಿಹಾಕಿದ ಬಟ್ಟೆಯ ಹಾಗೆ ನೇತಾಡುತ್ತಿದ್ದೆ. ಅಲ್ಲಾಡಿದರೆ ಇನ್ನಷ್ಟು ಹಿಮ ಬೀಳುತ್ತಿತ್ತು.

ಮಾರೀನಳ "ಓ ಹೋಯ್" ಇನ್ನೊಮ್ಮೆ ಕೇಳಿಸಿತು. ಓಗೊಟ್ಟೆ, ನನ್ನ ದನಿ ನನಗೇ ವಾಪಸು ಬಂತು. ಹೆದರಿಕೆಯಾಯಿತು, ಆದರೂ ತಡೆದುಕೊಂಡೆ. ಒಂದು ನಿಮಿಷದಲ್ಲಿ ಅವಳು ಗುಡಿಸಲ ಹತ್ತಿರ ಇರುತ್ತಾಳೆ. ನಾನು ಬಾರದ್ದನ್ನು ನೋಡುತ್ತಾಳೆ. ಹತ್ತು ನಿಮಿಷ ಆದ ಕೂಡಲೇ ಗಸ್ತಿನವರನ್ನು ಕೂಗುತ್ತಾಳೆ. ಮಾರೀನ್ ಕೆಳಗಿದ್ದಾಳೆ, ಲೈಲ್‌ನ ಅಕ್ಕ ಕೆಳಗಿದ್ದಾಳೆ, ನನಗೇಕೆ ಭಯ? ಹೀಗೆ ಹೇಳಿಕೊಳ್ಳುತ್ತ, ಸಣ್ಣಗೆ ಉಸಿರಾಡುತ್ತ, ಲೆಕ್ಕ ಹಾಕುತ್ತ ಇದ್ದೆ.

ನಾನು ಬಿದ್ದ ಮರ ಲಿಫ್ಟಿನ ಸಾಲಿಗೆ ಅಂಟಿಕೊಂಡೇ ಇತ್ತು. ಕುರ್ಚಿಗಳು ನನ್ನ ಕಾಲಿನ ಮೇಲೇ ಹಾದುಹೋಗುತ್ತಿದ್ದವು, ತಂತಿಯ ಗುಂಯ್ ಎನ್ನುವ ಸದ್ದು ಮರದ ಕಾಂಡದಲ್ಲಿ ಇಳಿದು ಬರುತ್ತಿತ್ತು. ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ಮೇಲಿಂದ ಮಾರೀನಳ ದನಿ ಕೇಳಿಸಿತು. ದೂರದಿಂದೆಂಬ ಹಾಗೆ, ಆದರೆ ಅವಳದೇ.

"ಈಗ್ಲೇ ಬಿಚ್ತಾರಂತೆ! ಹೆಕ್ ಹಗ್ಗದ ಹತ್ರ ಹೋಗ್ಬಿಟ್ಟಿದಾನಂತೆ!"

ಯಾರೋ ಗಂಡಸು, ಹೊರಗಿನವನಿರಬೇಕು, ಕೇಳಿದ: "ನಿಮ್ಮ ಜೊತೆ ಒಬ್ರು ಇದ್ರಲ್ಲ, ಅವರು?"

"ಅವಳಾ? ಮುಂದೆ ಹೋಗಿರ್ತಾಳೆ ಬಿಡಿ."

ಆಮೇಲೆ ತಂತಿಯ ಸದ್ದು ಮಾತ್ರ.

ಕಿರುಚಿದೆ. ಎಷ್ಟು ಕಿರುಚಿದೆ ಎಂದರೆ ಬಾಯಿಗೆ ಹಿಮ ಹೋಯಿತು. ಆಮೇಲೆ ಅತ್ತೆ. ತಲೆಕೆಳಗಾಗಿ ಅತ್ತರೆ ಕಣ್ಣೀರು ಹಣೆಗೆ ಹರಿಯುತ್ತದೆ ಎಂದು ಅವತ್ತು ಗೊತ್ತಾಯಿತು. ಸಾಯುವ ಹೆದರಿಕೆಗಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ನಾನು ಹಿಂದಿದ್ದೇನೆಂದು ಅವಳಿಗೆ ಗೊತ್ತು. ಕೂಗಿಗೆ ಓಗೊಡಲಿಲ್ಲವೆಂದೂ ಗೊತ್ತು. ಬೇರೆ ಯಾವ ಮಾತಾದರೂ ಆಡಿದ್ದರೆ ಸಹಿಸುತ್ತಿದ್ದೆನೇನೋ. ಲೈಲ್‌ನನ್ನು ಕೊಂದ ಮಾತನ್ನೇ ಹುಡುಕಿ ತೆಗೆದು ನನ್ನ ಮೇಲೆ ಹಾಕಿ ಹೋದಳಲ್ಲ!

ಅವಳು ಬಂದದ್ದು ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ಆಗ ನನಗೆ ಅರ್ಧ ನಿದ್ದೆ, ಚಳಿಯೂ ಹೋಗಿತ್ತು. ಕೊಂಬೆಯ ನಡುವೆ ಕಾಣುತ್ತಿದ್ದ ಸ್ಕೀಯ ತುದಿ ನೋಡಿ ಗುರುತು ಹಿಡಿದಳಂತೆ. ಕೈಗವಸು ಬಿಸಾಡಿ ಬರಿಗೈಯಲ್ಲಿ ತೋಡಿದಳು, ಉಗುರುಗಳಲ್ಲಿ ರಕ್ತ. ಕೂಗಿಗೆ ಬೇರೆ ಜನ ಬಂದರು, ಗಸ್ತಿನವರು ಬಂದರು. ನನ್ನ ಮುಖ ಹೊರಗೆ ಬಂದಾಗ ಮೊದಲು ಕಂಡದ್ದು ಅವಳ ಮುಖ. "ಪಾಲಿ, ಪಾಲಿ, ನನ್ ಬಂಗಾರ, ಉಸಿರಾಡೇ" ಎಂದು ಗೋಳೋ ಎಂದು ಅಳುತ್ತಿದ್ದಳು. ಆ ಅಳು ನಾಟಕವಲ್ಲ. ನಾಟಕವಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಸ್ಟ್ರೆಚರಿನಲ್ಲಿ ಮಲಗಿದ್ದಾಗ ಅವಳು ಗಸ್ತಿನ ಹುಡುಗಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಒಂಬತ್ ನಲವತ್ತಕ್ಕೆ ಓಗೊಡೋದು ನಿಲ್ತು. ಗುಡಿಸಲ ಹತ್ರ ಹತ್ತು ನಿಮಿಷ ಕಾದೆ. ನಿಮ್ಮವರು ಯಾರೂ ಕಾಣ್ಲಿಲ್ಲ. ಸ್ಕೀ ಬಿಚ್ಚಿ ನಡ್ಕೊಂಡೇ ಹತ್ತಿದೆ, ಸೊಂಟದುದ್ದ ಹಿಮ, ಇಪ್ಪತ್ತು ನಿಮಿಷ ಹಿಡೀತು." ಆ ಹುಡುಗಿ ಬರೆದುಕೊಂಡಳು. ಸುತ್ತ ನಿಂತವರು ಅವಳ ಬೆನ್ನು ತಟ್ಟಿದರು.

ಭುಜ ಕೂರಿಸಿ ಮನೆಗೆ ಕಳಿಸಿದರು. ಆಸ್ಪತ್ರೆಯ ನರ್ಸು, ಗಾಳಿ ಕಡಿಮೆಯಾದಾಗ ಇಲ್ಲದ ದನಿಗಳು ಕೇಳಿಸುವುದುಂಟು ಎಂದಳು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಹೌದು, ಕೇಳಿಸಿದ್ದು ಭ್ರಮೆ. ಮಾರೀನ್ ಅಂಥವಳಲ್ಲ. ಭ್ರಮೆಯೇ ಆಗಿರಲಿ ಎಂದು ಎಷ್ಟು ಆಸೆಪಟ್ಟೆ!

ಅವಳು ದಿನವೂ ಬಂದಳು. ಮನೆಯ ಮುಂದಿನ ಹಿಮ ಗೋರಿದಳು, ಒಲೆಗೆ ಸೌದೆ ತಂದಿಟ್ಟಳು, ನನ್ನ ತಲೆಗೂದಲು ತೊಳೆದಳು. ಮೂರನೆಯ ದಿನ, ಅವಳು ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಾಗ ಕೇಳಿದೆ.

"ಗುಡಿಸಲ ಹತ್ರ ಎಷ್ಟು ಹೊತ್ತು ನಿಂತಿದ್ದೆ ಮಾರೀನ್?"

ತಟ್ಟೆ ಉಜ್ಜುತ್ತಿದ್ದ ಕೈ ಒಂದು ಚೂರು ನಿಂತಿತು. "ಹತ್ತು ನಿಮಿಷ. ಯಾಕೇ?"

"ಸುಮ್ನೆ."

"ಒಂದೊಂದು ನಿಮಿಷಾನೂ ಒಂದೊಂದು ವರ್ಷ ಆದ ಹಾಗಿತ್ತು ಕಣೇ" ಎಂದಳು.

ನಂಬಿದೆ. ನಂಬಲೇಬೇಕು ಎಂದು ಹಟ ಹಿಡಿದು ನಂಬಿದೆ.

ಐದನೆಯ ದಿನ ಓರ್ವಿಲ್ ಬೋರ್ಷ್ ತುಂಬಿದ ಪಾತ್ರೆ ಹಿಡಿದು ಬಂದ. ಮಂಡಿ ಸವೆದ ಮೇಲೆ ಅವನು ಸ್ಕೀ ಬಿಟ್ಟು ಅಡುಗೆಗೆ ನಿಂತವನು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ಪ್ರಾಣಿ.

"ಅವಳ ಮನಸ್ಸು ಎಂಥದು ಅಂತೀಯ ಪಾಲಿ? ಇಪ್ಪತ್ತೊಂಬತ್ತು ವರ್ಷ ಆ ಹಲಗೆಗೆ ಬಾಯಿ ಬಿಟ್ಕೊಂಡು ಕಾದವಳು. ಅವತ್ತು ಕೊನೆಗೂ ಹೆಸರು ಬಂತು. ಸಾಯಂಕಾಲ ಆಸ್ಪತ್ರೆಯಿಂದ ಬಂದವಳೇ ನೇರ ಹೋಗಿ ತೋಳಲ್ಲಿ ಒರೆಸಿಬಿಟ್ಲು. ಯಾಕೇ ಅಂದ್ರೆ, ಪಾಲಿ ಆ ಸ್ಥಿತೀಲಿರೋವಾಗ ನಂಗ್ಯಾತರ ಹೆಸರು ಅಂದ್ಲು. ನನ್ ಕಣ್ಣಲ್ಲಿ ನೀರು ಬಂದ್ಬಿಡ್ತು ಮಾರಾಯ್ತಿ."

ನನ್ನ ಕೈಯಲ್ಲಿದ್ದ ಚಮಚೆ ಬಟ್ಟಲಿಗೆ ಬಿತ್ತು.

"ಯಾವ ಹೆಸರೋ?"

"ಬೋಗುಣಿದು. ಅವತ್ತು ಮೊದಲು ಗಂಟೆ ಬಾರಿಸಿದ್ದು ಅವಳೇ ಅಲ್ವಾ? ನಿಂಗೆ ಹೇಳಿಲ್ವಾ ಅವಳು?"

"ಎಷ್ಟು ಹೊತ್ತಿಗೆ ಬರ್ದಿದ್ದೆ ಓರ್ವಿಲ್?"

"ಒಂಬತ್ತು ಐವತ್ತೈದು. ಹೆಕ್ ರೇಡಿಯೋದಲ್ಲಿ ಹೇಳಿದ ಹಾಗೆ ಬರ್ದೆ. ನೀನು ಬಿದ್ದಿದ್ದು ಆಮೇಲಲ್ವಾ?"

ಪಾಪ, ಅವನು ಹಾಗೇ ತಿಳಿದಿದ್ದ. ಹೆಕ್ ಇಡೀ ದಿನ ನೆತ್ತಿಯ ಮೇಲಿದ್ದ, ಅವನೂ ಹಾಗೇ ತಿಳಿದಿದ್ದ. ಎರಡು ಹೊತ್ತನ್ನು ಪಕ್ಕಪಕ್ಕ ಇಟ್ಟು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಒಂಬತ್ತು ಐವತ್ತೈದಕ್ಕೆ ನಾನು ಹದಿನೈದು ನಿಮಿಷದಿಂದ ಗುಂಡಿಯಲ್ಲಿ ನೇತಾಡುತ್ತಿದ್ದೆ. ಅವಳು ನಾನು ಮೇಣ ತಿಕ್ಕಿದ ಸ್ಕೀ ಮೇಲೆ ನಿಂತು ಗಂಟೆ ಬಾರಿಸುತ್ತಿದ್ದಳು. ನಡೆದುಕೊಂಡು ಹತ್ತಿದ್ದೆಂಬುದೆಲ್ಲ ಕಟ್ಟುಕಥೆ. ಬೋಗುಣಿ ಇಳಿದು ಕೆಳಗೆ ಬಂದು, ಗುಡಿಸಲ ಹತ್ತಿರ ನನ್ನನ್ನು ಕಾಣದೆ, ಆಗ ಎದೆ ಧಸಕ್ಕೆಂದು, ಮತ್ತೆ ಲಿಫ್ಟ್ ಹತ್ತಿ ಕಾಡಿಗೆ ಇಳಿದು ಹುಡುಕಿದ್ದಾಳೆ. ಮೈಯೆಲ್ಲ ಬೆಂಕಿ ಬಿದ್ದ ಹಾಗೆ ಉರಿಯಿತು. ಓರ್ವಿಲ್ ಹೋದ ಮೇಲೆ ಆ ಬೋರ್ಷನ್ನು ಪಾತ್ರೆ ಸಮೇತ ಹಿತ್ತಲ ಹಿಮಕ್ಕೆ ಎಸೆದೆ. ಬಿಳಿಯ ಮೇಲೆ ಕೆಂಪು ಹರಡಿತು. ನೋಡಿ ಇನ್ನೂ ಕೋಪ ಬಂತು.

ಆದರೂ ಕಾದೆ. ಅವಳಾಗಿ ಹೇಳಲಿ ಎಂದು ಎರಡು ವಾರ ಕಾದೆ. ಅವಳು ಬರುತ್ತಿದ್ದಳು, ಸೌದೆ ಇಡುತ್ತಿದ್ದಳು, ಹವೆಯ ಮಾತಾಡುತ್ತಿದ್ದಳು. "ಪಾಲಿ, ನನ್ನಿಂದ ತಪ್ಪಾಯ್ತು" ಎಂದು ಒಂದೇ ಒಂದು ಮಾತು ಅಂದಿದ್ದರೆ ಬೈದು, ಹೊಡೆದು, ಒಂದು ತಿಂಗಳು ಮುಖ ತಿರುಗಿಸಿಕೊಂಡು ಓಡಾಡಿ, ಆಮೇಲೆ ಒಪ್ಪಿಕೊಳ್ಳುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು. ಅವಳಿಗೂ ಗೊತ್ತಿತ್ತು.

ಮಾರ್ಚ್ ಮೊದಲ ಭಾನುವಾರ ಮಧ್ಯಾಹ್ನ ಊಟದ ಮನೆಯಲ್ಲಿ ಎಲ್ಲ ಸೇರಿದ್ದರು. ಬೆಟ್ಟದಲ್ಲಿ ಒಂದು ಜೀವ ಉಳಿಸಿದವರಿಗೆ ಗಸ್ತಿನವರು ಕೆಂಪು ಪೀಪಿಯೊಂದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕುತ್ತಾರೆ. ಓರ್ವಿಲ್ ಸೇಬಿನ ಕೇಕು ಮಾಡಿದ್ದ. ಮಾರೀನ್ ಹೊಸ ಸ್ವೆಟರ್ ಹಾಕಿ ಬಂದಿದ್ದಳು. ಹೆಕ್ ಪೀಪಿ ಹಾಕಿದ, ಜನ ಮೇಜು ಗುದ್ದಿ ಗದ್ದಲ ಮಾಡಿದರು.

"ಪಾಲಿ, ನೀನೆರಡು ಮಾತಾಡು" ಎಂದ ಹೆಕ್. "ಎರಡೇ ಮಾತು, ನಿಂಗೆ ಕಷ್ಟ ಅಂತ ಗೊತ್ತು." ಎಲ್ಲ ನಕ್ಕರು.

ಎದ್ದೆ. ಎಡಗೈ ಇನ್ನೂ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ನೇರ ಒಲೆಯ ಪಕ್ಕಕ್ಕೆ ಹೋದೆ. ಹಲಗೆಯ ಮೇಲೆ ತೋಳಿನಿಂದ ಒರೆಸಿದ ಬೂದು ಗುರುತು ಹಾಗೇ ಇತ್ತು. ಸೀಮೆಸುಣ್ಣ ತೆಗೆದುಕೊಂಡು ಅದರ ಮೇಲೇ ದಪ್ಪಕ್ಷರದಲ್ಲಿ ಬರೆದೆ: ಮಾರೀನ್, ಫೆಬ್ರವರಿ ಹನ್ನೊಂದು, ಒಂಬತ್ತು ಐವತ್ತೈದು.

ಚಪ್ಪಾಳೆಯೋ ಚಪ್ಪಾಳೆ. "ಭಲೇ ಪಾಲಿ!" ಎಂದರು ಯಾರೋ. ನಾಲ್ಕು ಸಲ ಗೆದ್ದವಳು ಗೆಳತಿಯ ಹೆಸರನ್ನು ತಾನೇ ಬರೆದಳಲ್ಲ ಎಂದು ಅವರಿಗೆ ಖುಷಿ. ಓರ್ವಿಲ್ ಮುಂಗೈಯಲ್ಲಿ ಕಣ್ಣೊರೆಸಿಕೊಂಡ. ಮಾರೀನ್ ಒಬ್ಬಳೇ ಚಪ್ಪಾಳೆ ತಟ್ಟಲಿಲ್ಲ. ಅವಳ ಮುಖ ಹಾಲಿನ ಹಾಗೆ ಬಿಳುಚಿತ್ತು.

"ಹೊತ್ತು ಸರಿ ಇದೆಯಾ ಹೆಕ್?" ಎಂದೆ.

"ಸರೀ ಇದೆ. ನಾನೇ ನಿಂತು ನೋಡಿದೀನಿ."

"ನಾನು ಗುಂಡೀಗೆ ಬಿದ್ದಿದ್ದು ಎಷ್ಟು ಹೊತ್ತಿಗೆ ಅಂತ ನಿಮ್ ಪುಸ್ತಕದಲ್ಲಿ ಬರ್ದಿದೆ?"

ಹೆಕ್ ನಗುತ್ತಲೇ ಶುರು ಮಾಡಿದ. "ಒಂಬತ್ತು ನಲವತ್ತು. ಮಾರೀನ್ ತಾನೇ ಹೇಳಿದ್ದು..." ಅಲ್ಲಿಗೆ ನಿಲ್ಲಿಸಿದ. ಹಲಗೆ ನೋಡಿದ. ಮಾರೀನಳನ್ನು ನೋಡಿದ. ಮತ್ತೆ ಹಲಗೆ ನೋಡಿದ. ಚಪ್ಪಾಳೆ ಹಿಂದಿನ ಮೇಜುಗಳಲ್ಲಿ ಇನ್ನೂ ಸ್ವಲ್ಪ ಹೊತ್ತು ಇತ್ತು, ಆಮೇಲೆ ಅದೂ ನಿಂತಿತು. 

"ನಿಂಗೆ ಕೇಳಿಸ್ತಾ?" ಎಂದಳು ಮಾರೀನ್. ಬಹಳ ಸಣ್ಣ ದನಿ.

"ಕೇಳಿಸ್ತು. ಮುಂದೆ ಹೋಗಿರ್ತಾಳೆ ಬಿಡಿ. ಪ್ರತಿ ಅಕ್ಷರಾನೂ ಕೇಳಿಸ್ತು."

ಲೈಲ್‌ನನ್ನು ಬಲ್ಲವರು ಆ ಕೋಣೆಯಲ್ಲಿ ಬಹಳ ಜನ ಇದ್ದರು. ಯಾರೋ "ಅಯ್ಯೋ ದೇವರೇ" ಎಂದರು. ಓರ್ವಿಲ್ ಕೇಕಿನ ಚಾಕು ಕೆಳಗಿಟ್ಟ.

ಮಾರೀನಳ ಮುಖಕ್ಕೆ ಒಮ್ಮೆಲೇ ರಕ್ತ ಏರಿತು. "ಮೂರು ನಿಮಿಷ ನಿಂತಿದ್ದೆ! ಈಗ ಬರ್ತೀಯ, ಈಗ ಬರ್ತೀಯ ಅಂತ ನಿಂತಿದ್ದೆ. ಹಗ್ಗ ಬಿಚ್ತಾರೆ ಅಂತ ಜೋನಿ ಕೂಗಿದ್ಲು. ಒಂದೇ ಒಂದು ಸಲ ಅಂತ ಹೋದೆ ಪಾಲಿ. ಇಪ್ಪತ್ತೊಂಬತ್ತು ವರ್ಷ ನೀನು ಚಮಚೆ ತೋರ್ಸಿ ತೋರ್ಸಿ ನಗಾಡಿದೀಯ. ಒಂದು ದಿನಾನಾದ್ರೂ ನಂಗೆ ಹೇಗಾಗುತ್ತೆ ಅಂತ ಕೇಳಿದ್ಯಾ?"

"ನಗಾಡಿದ್ದು ನಿಜ. ಅದು ನನ್ನ ಕೊಬ್ಬು, ಒಪ್ಕೋತೀನಿ. ನಗಾಡಿದ್ರೆ ಬೈಯ್ಯಬೇಕಿತ್ತು, ಕಪಾಳಕ್ಕೆ ಬಾರಿಸ್ಬೇಕಿತ್ತು. ಸಾಯ್ಲಿ ಅಂತ ಬಿಟ್ಟು ಹೋಗ್ತಾರೇನೇ?"

"ಸಾಯ್ಲಿ ಅಂತ ಬಿಡ್ಲಿಲ್ಲ! ನಾನೇ ಬಂದು ತೋಡಿದೆ!"

"ತೋಡಿದೆ. ಅದಕ್ಕೇ ಮೂರು ವಾರ ಕಾದೆ ನಾನು. ಮೂರು ವಾರ ನೀನು ನನ್ ಅಡುಗೆಮನೇಲಿ ನಿಂತು ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳ್ದೆ."

ಅವಳು ಕೊರಳಿನ ಪೀಪಿ ತೆಗೆದು ಮೇಜಿನ ಮೇಲಿಟ್ಟಳು. ಕೋಟು ಹಾಕಿಕೊಳ್ಳಲು ತೋಳು ಸಿಗದೆ ಒದ್ದಾಡಿದಳು. ಬೇರೆ ದಿನವಾಗಿದ್ದರೆ ನಾನು ಹೋಗಿ ಹಿಡಿದುಕೊಡುತ್ತಿದ್ದೆ. ಯಾರೂ ಏಳಲಿಲ್ಲ. ಬಾಗಿಲು ಹಾಕಿಕೊಂಡ ಸದ್ದಾಯಿತು. ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಓರ್ವಿಲ್ ಹಲಗೆ ಒರೆಸಲು ಬಟ್ಟೆ ಹಿಡಿದು ಬಂದ.

"ಬಿಡು" ಎಂದೆ. "ಮೊದಲು ಗಂಟೆ ಬಾರಿಸಿದ್ದು ಅವಳೇ. ಇರ್ಲಿ."

ಏಪ್ರಿಲ್ ಮೊದಲ ವಾರ, ಯಾರೂ ನೆನೆಸದ ಹೊತ್ತಿನಲ್ಲಿ, ಮತ್ತೆ ಹಿಮ ಬಿತ್ತು. ಮೊಣಕಾಲುದ್ದ. ಭುಜ ವಾಸಿಯಾಗಿತ್ತು. ಎಂಟೂವರೆಗೆ ಲಿಫ್ಟಿನ ಹತ್ತಿರ ಹೋದೆ. ಜೋಡಿ ಇಲ್ಲದವರಿಗೆಂದು ಪಕ್ಕದಲ್ಲಿ ಒಂದು ಬೇರೆ ಸಾಲಿದೆ. ಹೊರಗಿನಿಂದ ಬಂದವರು, ಗುರುತಿಲ್ಲದವರು ನಿಲ್ಲುವ ಸಾಲು. ಮೊದಲ ಸಲ ಅಲ್ಲಿ ನಿಂತೆ.  ನನ್ನ ಮುಂದಿನವನು ಸರಿದಾಗ, ಅವನ ಮುಂದೆ ಕಿತ್ತಳೆ ಬಣ್ಣದ ಟೋಪಿ ಕಂಡಿತು. ಮಾರೀನಳದು. ಅವಳೂ ಅದೇ ಸಾಲಿನಲ್ಲಿದ್ದಳು.

ನಮ್ಮ ನಡುವೆ ನಿಂತಿದ್ದವನನ್ನು ದೊಡ್ಡ ಸಾಲಿನಿಂದ ಅವನ ಗೆಳೆಯನೊಬ್ಬ ಕರೆದುಕೊಂಡ. ಉಳಿದದ್ದು ಮಾರೀನ್, ಅವಳ ಹಿಂದೆ ನಾನು. ಜೋನಿ ಇಬ್ಬರನ್ನೂ ನೋಡಿದಳು. ಹಳೆಯ ಅಭ್ಯಾಸ, ಬಾಯಿ ತಪ್ಪಿ ಬಂತು. "ಪಾಲಿ, ಮಾರೀನ್, ಬನ್ನಿ ಬನ್ನಿ, ಕುರ್ಚಿ ಬಂತು!"

ಮಾರೀನ್ ಮುಂದೆ ಸರಿದು ನಿಂತಳು. ಎಡಗಡೆ ನಿಂತಳು, ಬಲಗಡೆ ನನ್ನ ಜಾಗ ಬಿಟ್ಟು. ತಿರುಗಿ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

ನಾನು ಅಲ್ಲಾಡಲಿಲ್ಲ.

ಹೊಸ ಹಿಮದ ದಿನ ಅರ್ಧ ಕುರ್ಚಿ ಖಾಲಿ ಕಳಿಸುವುದಕ್ಕಿಂತ ದೊಡ್ಡ ಪಾಪ ನಮ್ಮ ಬೆಟ್ಟದಲ್ಲಿಲ್ಲ. "ಏಯ್, ಹತ್ತಮ್ಮಾ!" "ನಿದ್ದೆ ಮಾಡ್ತಿದೀಯಾ?" ಎಂದು ಹಿಂದಿನಿಂದ ಬೈದರು. ಕುರ್ಚಿ ಬಂತು, ಮಾರೀನಳನ್ನು ಎತ್ತಿಕೊಂಡಿತು, ಹೋಯಿತು. ಮೊದಲ ಕಂಬ ದಾಟುವವರೆಗೂ ಅವಳು ತಿರುಗಿ ನೋಡುತ್ತಿದ್ದಳು. ಮುಂದಿನ ಕುರ್ಚಿಯಲ್ಲಿ ಯಾವನೋ ಗುರುತಿಲ್ಲದವನ ಪಕ್ಕ ಕೂತೆ. ಅರ್ಧ ದಾರಿಯಲ್ಲಿ, ಆ ಮರದ ಮೇಲೆ ಹಾದುಹೋಗುವಾಗ, ಅವನು ಸುಮ್ಮನೆ ಮಾತಿಗೆಂದು ಕೇಳಿದ.

"ನಿಮ್ಮ ಜೊತೆ ಯಾರೂ ಇಲ್ವಾ?"

"ಇದ್ಲು" ಎಂದೆ. "ಮುಂದೆ ಹೋದ್ಲು."

ಕಾಡಿಗೆ ಹೋಗಲಿಲ್ಲ. ಯಂತ್ರ ಹೊಡೆದು ಮಟ್ಟ ಮಾಡಿದ ದಾರಿಯಲ್ಲಿ, ಮೊದಲ ಸಲ ಕಲಿಯುವವರ ನಡುವೆ ನಿಧಾನವಾಗಿ ಇಳಿದೆ. ಕೆಳಗೆ ಬರುವಷ್ಟರಲ್ಲಿ ಮಾರೀನ್ ಹಳೆಯ ಗುಡಿಸಲಿನ ಹತ್ತಿರ ಇದ್ದಳು. ಕೈಗವಸು ತೆಗೆದು, ಬರಿಗೈಯನ್ನು ಗೋಡೆಗೆ ಇಟ್ಟು ನಿಂತಿದ್ದಳು. ಟೋಪಿಯ ಮೇಲೆ, ಹೆಗಲ ಮೇಲೆ ಹಿಮ ಕೂತಿತ್ತು. ಹತ್ತು ನಿಮಿಷವಂತೂ ಆಗಿರಬೇಕು.

ನಾನು ಅವಳನ್ನು ದಾಟಿಕೊಂಡು ಒಂಟಿಯವರ ಸಾಲಿಗೆ ಹೋಗಿ ನಿಂತೆ.